ವಿಮಾನ ಕಾರ್ಖಾನೆ ಕಟ್ಟಿದ ವಾಲಚಂದ ಹೀರಾಚಂದರು

ಬೆಂಗಳೂರಿನ ಪೂರ್ವ ಭಾಗದಲ್ಲಿ ವಿಮಾನಪುರವೆಂಬ ಬಡಾವಣೆಯೊಂದುಂಟು. ನಮ್ಮ ಶಿಕಾರಿಪುರ, ಸೊರಬ ತಾಲ್ಲೂಕುಗಳಿಂದ ಉದ್ಯೋಗವನ್ನರಸಿ ರಾಜಧಾನಿಗೆ ಹೋದ ತರುಣರಲ್ಲಿ ಹಲವರು ಆ ಹೆಸರನ್ನು ಕೇಳಿರುತ್ತಾರೆ. ಕೆಲವರು ಅಲ್ಲಿಯೇ ಬಾಡಿಗೆಯ ಕೋಣೆ ಹಿಡಿದು ವಾಸಿಸಿಯೂ ಇರುತ್ತಾರೆ. ಆದರೆ ಆ ಸ್ಥಳಕ್ಕೆ ಆ ಹೆಸರು ಬರಲು ಕಾರಣರಾದವರು ಯಾರು ಎಂದು ಕೇಳಿದರೆ ಥಟ್ಟನೆ ಉತ್ತರ ಹೇಳುವವರು ವಿರಳ. ವಿಶ್ವೇಶ್ವರಯ್ಯನವರನ್ನು ಬಲ್ಲೆವು, ಮಿರ್ಜಾ ಇಸ್ಮಾಯಿಲರನ್ನು ಬಲ್ಲೆವು, ಟಾಟಾ ಮನೆತನದವರನ್ನೂ ಬಲ್ಲೆವು. ವಾಲಚಂದ ಹೀರಾಚಂದರ ಹೆಸರು ಮುಂಬಯಿ, ಸೊಲ್ಲಾಪುರಗಳ ಕಡೆಯಲ್ಲಿ ಮನೆಮಾತಾಗಿದೆ; ನಮ್ಮ ನಾಡಿನಲ್ಲಿ ಅವರ ಕೆಲಸ ನಿಂತಿದೆ, ಹೆಸರು ಅಷ್ಟಾಗಿ ನಿಂತಿಲ್ಲ.

ಅವರ ಜೀವನವನ್ನು ಹೇಳಹೊರಟರೆ ಒಂದು ವಿಮಾನದ ಕಥೆಯನ್ನೂ ಜೊತೆಯಲ್ಲಿ ಹೇಳಲೇಬೇಕಾಗುತ್ತದೆ. ಅಮೆರಿಕದ ಡಗ್ಲಸ್ ಕಂಪನಿಯವರು ನಿರ್ಮಿಸಿದ, ಎರಡು ಪ್ರೊಪೆಲ್ಲರುಗಳ, ಡಿ.ಸಿ. 3 ಎಂಬ ವಿಮಾನವದು. ನಮ್ಮ ದೇಶದ ಹಿರಿಯರು ಅದನ್ನು ಡಕೋಟಾ ಎಂಬ ಹೆಸರಿನಿಂದ ಬಲ್ಲರು. ವಾಲಚಂದರು ಆ ವಿಮಾನವನ್ನು ನಿರ್ಮಿಸಲಿಲ್ಲ. ನಿರ್ಮಿಸಬೇಕೆಂದು ಹೊರಟವರೂ ಅಲ್ಲ. ಆದರೂ ಅವರು ಕಟ್ಟಿದ ಕಾರ್ಖಾನೆಗೂ ಆ ವಿಮಾನಕ್ಕೂ ಬಿದ್ದ ಗಂಟು ಭಾರತದ ವಿಮಾನಯಾನದ ದಿಕ್ಕನ್ನೇ ಬದಲಿಸಿತು.

ವಾಲಚಂದರು 1882ನೆಯ ಇಸವಿ ನವೆಂಬರ್ 23ರಂದು ಸೊಲ್ಲಾಪುರದಲ್ಲಿ ಜನಿಸಿದರು. ಸೊಲ್ಲಾಪುರವು ಇಂದು ಮಹಾರಾಷ್ಟ್ರಕ್ಕೆ ಸೇರಿದ್ದರೂ ಕನ್ನಡಿಗರಿಗೆ ಪರಕೀಯವಾದ ಊರಲ್ಲ. ನಮ್ಮ ತಾಲ್ಲೂಕಿನ ಬಳ್ಳಿಗಾವೆಯ ಅಲ್ಲಮಪ್ರಭುಗಳು ಸೊನ್ನಲಿಗೆಗೆ ಹೋಗಿ, ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮರನ್ನು ಕಂಡು, ಅವರನ್ನು ಕಲ್ಯಾಣಕ್ಕೆ ಕರೆದೊಯ್ದ ವೃತ್ತಾಂತವನ್ನು ಪಠ್ಯದಲ್ಲಿ ಓದಿದ್ದೇವಷ್ಟೆ. ಆ ಸೊನ್ನಲಿಗೆಯೇ ಈ ಸೊಲ್ಲಾಪುರ. ವಾಲಚಂದರದು ಗುಜರಾತಿನಿಂದ ಬಂದು ನೆಲೆಸಿದ ದಿಗಂಬರ ಜೈನ ಮನೆತನ. ತಂದೆ ಹೀರಾಚಂದ ನೇಮಚಂದರು ಹತ್ತಿಯ ವ್ಯಾಪಾರ ಮತ್ತು ಲೇವಾದೇವಿಯನ್ನು ನಡೆಸುತ್ತಿದ್ದ ಗೌರವಸ್ಥರು. ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿ ತೀರಿಕೊಂಡರು. ಬಂಧುಗಳ ಆರೈಕೆಯಲ್ಲಿ ಬಾಲಕನು ಬೆಳೆದನು. ಸೊಲ್ಲಾಪುರದಲ್ಲಿ ಶಾಲೆಯ ಓದು ಮುಗಿದ ಮೇಲೆ ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿಗೂ ಪುಣೆಯ ಡೆಕ್ಕನ್ ಕಾಲೇಜಿಗೂ ಹೋದರು. ಪದವಿ ಮಾತ್ರ ದೊರೆಯಲಿಲ್ಲ; ನಡುವೆಯೇ ಓದನ್ನು ಬಿಟ್ಟು ಮನೆಯ ವ್ಯಾಪಾರಕ್ಕೆ ಕುಳಿತರು. (ಬಿ.ಎ. ಪರೀಕ್ಷೆ ಹತ್ತಿರವಿರುವ ಈ ಸಮಯದಲ್ಲಿ ಈ ಸಂಗತಿಯನ್ನು ಮನೆಯವರ ಮುಂದೆ ಹೇಳದಿರುವುದೇ ಲೇಸು.)

ಹತ್ತಿಯ ಅಂಗಡಿಯ ಗಾದಿಯ ಮೇಲೆ ಕುಳಿತು ಲೆಕ್ಕ ಬರೆಯುವುದು ಅವರ ಸ್ವಭಾವಕ್ಕೆ ಒಗ್ಗಲಿಲ್ಲ. ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ಲಕ್ಷ್ಮಣರಾವ್ ಫಾಟಕರೆಂಬುವರು ಕೆಲಸ ಬಿಟ್ಟು ಗುತ್ತಿಗೆದಾರರಾಗಿದ್ದರು. ಅವರಿಗೆ ಕೆಲಸ ಗೊತ್ತಿತ್ತು, ಬಂಡವಾಳವಿರಲಿಲ್ಲ. ವಾಲಚಂದರಲ್ಲಿ ಬಂಡವಾಳವಿತ್ತು, ಧೈರ್ಯವೂ ಇತ್ತು. ಇಬ್ಬರೂ 1903ರ ಸುಮಾರಿಗೆ ಪಾಲುದಾರರಾಗಿ ಬಾರ್ಸಿಯ ಸಣ್ಣ ರೈಲುಮಾರ್ಗದ ಒಂದು ಭಾಗವನ್ನು ಕಟ್ಟುವ ಗುತ್ತಿಗೆಯನ್ನು ಹಿಡಿದರು. ಅಲ್ಲಿಂದ ಮುಂದೆ ಮಣ್ಣು, ಕಲ್ಲು, ಸೇತುವೆ, ಸುರಂಗ ಇವೇ ಅವರ ಜೀವನವಾದವು. ಮುಂಬಯಿಗೂ ಪುಣೆಗೂ ನಡುವಣ ಭೋರ್ ಘಾಟಿನ ರೈಲು ಸುರಂಗಗಳ ಕೆಲಸ ಅವರ ಕಂಪನಿಗೆ ಹೆಸರನ್ನು ತಂದಿತು. ದೊಡ್ಡ ಎಂಜಿನಿಯರಿಂಗ್ ಕೆಲಸಗಳನ್ನೆಲ್ಲ ಇಂಗ್ಲಿಷ್ ಕಂಪನಿಗಳೇ ಹಿಡಿಯುತ್ತಿದ್ದ ಕಾಲದಲ್ಲಿ ಇದು ಸಾಮಾನ್ಯವಾದ ಸಾಧನೆಯಲ್ಲ.

ಅನಂತರ ಹಡಗು. ಮೊದಲನೆಯ ಮಹಾಯುದ್ಧ ಮುಗಿದಾಗ ಗ್ವಾಲಿಯರಿನ ಸಿಂಧಿಯಾ ಮಹಾರಾಜರ ಒಡೆತನದಲ್ಲಿದ್ದ ಲಾಯಲ್ಟಿ ಎಂಬ ಹಡಗು ಮಾರಾಟಕ್ಕಿದೆಯೆಂಬ ಸುದ್ದಿ ಅವರ ಕಿವಿಗೆ ಬಿತ್ತು. ಯುದ್ಧಕಾಲದಲ್ಲಿ ಆಸ್ಪತ್ರೆಯಾಗಿದ್ದ ಹಡಗದು. ಹಡಗಿನ ವ್ಯಾಪಾರದಲ್ಲಿ ವಾಲಚಂದರಿಗೆ ಅಕ್ಷರಾಭ್ಯಾಸವೂ ಆಗಿರಲಿಲ್ಲವೆನ್ನಬೇಕು. ಆದರೂ ನರೋತ್ತಮ ಮೊರಾರ್ಜಿ ಮುಂತಾದ ಮಿತ್ರರನ್ನು ಕೂಡಿಸಿ ಅದನ್ನು ಕೊಂಡು, ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯನ್ನು ಸ್ಥಾಪಿಸಿದರು. 1919ರ ಏಪ್ರಿಲ್ 5ರಂದು ಆ ಹಡಗು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಆ ದಿನವನ್ನೇ ಇಂದು ರಾಷ್ಟ್ರೀಯ ನೌಕಾಯಾನ ದಿನವೆಂದು ಆಚರಿಸುತ್ತಾರೆ. ಮುಂದಿನ ಕಥೆ ಸುಖದ್ದಾಗಿರಲಿಲ್ಲ. ಹಿಂದೂಸ್ಥಾನದ ಸಮುದ್ರ ವ್ಯಾಪಾರವನ್ನೆಲ್ಲ ಹಿಡಿತದಲ್ಲಿಟ್ಟುಕೊಂಡಿದ್ದ ಬ್ರಿಟಿಷ್ ಹಡಗು ಕಂಪನಿಗಳು ಬಾಡಿಗೆಯ ದರವನ್ನು ಇಳಿಸಿ ಇಳಿಸಿ ಹೊಸಬರ ಉಸಿರು ಕಟ್ಟಿಸಿದವು. ಕೊನೆಗೆ 1923ರಲ್ಲಿ ಒಪ್ಪಂದವೊಂದಕ್ಕೆ ಸಹಿ ಹಾಕಿ, ಕರಾವಳಿಯ ವ್ಯಾಪಾರಕ್ಕೆ ಮಾತ್ರ ತೃಪ್ತಿಪಟ್ಟುಕೊಳ್ಳಬೇಕಾಯಿತು. ಸೋತು ಮಾಡಿಕೊಂಡ ಒಪ್ಪಂದವೆಂದು ಹಲವರು ಅದನ್ನು ಹಳಿದರು. ನನಗೆ ತೋರುವಂತೆ ಅದು ಮುಳುಗುವ ಬದಲು ತೇಲುವುದನ್ನು ಆರಿಸಿಕೊಂಡ ವರ್ತಕನ ವಿವೇಕ. ಮೊರಾರ್ಜಿಯವರು 1929ರಲ್ಲಿ ನಿಧನರಾದ ಮೇಲೆ ಕಂಪನಿಯ ಭಾರವೆಲ್ಲ ವಾಲಚಂದರ ಹೆಗಲಿಗೆ ಬಂದಿತು.

ಕಬ್ಬಿನ ತೋಟ, ಸಕ್ಕರೆ ಕಾರ್ಖಾನೆ, ರಾವಳಗಾಂವ್, ವಾಲಚಂದನಗರ ಇವುಗಳ ವಿವರಕ್ಕೆ ಇಲ್ಲಿ ಕೈಹಾಕುವುದಿಲ್ಲ. ಮೋಟಾರು ಕಾರಿನ ವಿಷಯವನ್ನು ಮಾತ್ರ ಹೇಳಲೇಬೇಕು, ಏಕೆಂದರೆ ಅದೇ ಅವರನ್ನು ವಿಮಾನದ ಕಡೆಗೆ ಎಳೆದುಕೊಂಡು ಹೋಯಿತು. ದಿವಾನಗಿರಿಯಿಂದ ನಿವೃತ್ತರಾದ ಮೇಲೂ ಕೈಕಟ್ಟಿ ಕೂರದ ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಭಾರತದಲ್ಲಿಯೇ ಮೋಟಾರು ಕಾರುಗಳನ್ನು ತಯಾರಿಸುವ ಯೋಜನೆಯೊಂದನ್ನು ಸಿದ್ಧಪಡಿಸಿದ್ದರು. ವಾಲಚಂದರು ಅದನ್ನು ಕೈಗೆತ್ತಿಕೊಂಡರು. ಸರ್ಕಾರದ ಬೆಂಬಲ ದೊರೆಯಲಿಲ್ಲ. ಅಮೆರಿಕದ ಕಂಪನಿಗಳೊಡನೆ ಮಾತುಕತೆ ನಡೆಸಲು 1939ರಲ್ಲಿ ಸ್ವತಃ ಆ ದೇಶಕ್ಕೆ ಹೋದರು. ಅವರು ಅಲ್ಲಿರುವಾಗಲೇ ಯೂರೋಪಿನಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. ಆದುದರಿಂದ ಹಿಂದಿರುಗುವಾಗ ಪೆಸಿಫಿಕ್ ಸಾಗರದ ಮಾರ್ಗವನ್ನು ಹಿಡಿದು, ಪ್ಯಾನ್ ಅಮೆರಿಕನ್ ಕಂಪನಿಯ ಕ್ಲಿಪ್ಪರ್ ಎಂಬ ವಿಮಾನವನ್ನು ಹತ್ತಿದರು.

ಕ್ಲಿಪ್ಪರ್ ಎಂದರೆ ನೀರಿನ ಮೇಲೆ ಇಳಿದು ನೀರಿನಿಂದಲೇ ಏಳುವ, ನಾಲ್ಕು ಎಂಜಿನುಗಳ ಹಾರುದೋಣಿ. ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು ಹೊನೊಲುಲು, ಮಿಡ್‌ವೇ, ವೇಕ್, ಗುವಾಮ್ ದ್ವೀಪಗಳಲ್ಲಿ ತಂಗಿ ತಂಗಿ ಮನಿಲಾ ಮುಟ್ಟಬೇಕು. ದಿನಗಟ್ಟಲೆಯ ಪ್ರಯಾಣ, ಜೊತೆಯವರೊಡನೆ ಮಾತನಾಡದೆ ಬೇರೆ ಉಪಾಯವಿಲ್ಲ. ಆ ಜೊತೆಯವರಲ್ಲಿ ವಿಲಿಯಂ ಪಾಲಿ ಎಂಬ ಅಮೆರಿಕನ್ನನಿದ್ದನು. ಚೀನಾ ದೇಶದಲ್ಲಿ ವಿಮಾನ ಜೋಡಿಸುವ ಕಾರ್ಖಾನೆ ಈತನದು. ಜಪಾನೀಯರೊಡನೆ ಹೋರಾಡುತ್ತಿದ್ದ ಚೀನೀ ಸರ್ಕಾರಕ್ಕೆ ವಿಮಾನ ಮಾರುವುದು ಈತನ ವ್ಯಾಪಾರ. ಈತನೇನೂ ಧರ್ಮಾತ್ಮನಲ್ಲ, ಲಾಭಕ್ಕಾಗಿ ಯುದ್ಧರಂಗಗಳ ಅಂಚಿನಲ್ಲಿ ತಿರುಗುತ್ತಿದ್ದ ಸಾಹಸಿ. ಆದರೆ ಆತನ ಮಾತಿನಿಂದ ವಾಲಚಂದರಿಗೆ ಒಂದು ಸಂಗತಿ ಮನವರಿಕೆಯಾಯಿತು. ಯುದ್ಧದಿಂದ ಜರ್ಝರಿತವಾದ ಚೀನಾದ ಗಡಿಯ ಒಂದು ಮೂಲೆಯಲ್ಲಿ ಕುಳಿತು ವಿಮಾನ ಜೋಡಿಸಬಹುದಾದರೆ, ಶಾಂತವಾಗಿರುವ ಭಾರತದಲ್ಲಿ ಅದನ್ನು ಮಾಡಲಾಗದೆಂಬುದಕ್ಕೆ ಕಾರಣವೇ ಇಲ್ಲ. ಕಾರಿನ ಕಾರ್ಖಾನೆಗೆ ಅನುಮತಿ ಬೇಡಿ ಬೇಸತ್ತಿದ್ದ ಮನುಷ್ಯ ವಿಮಾನದ ಕಾರ್ಖಾನೆಯ ಕನಸನ್ನು ಕಟ್ಟಿಕೊಂಡು ಕೆಳಗಿಳಿದರು.

ಇಲ್ಲಿ ವಾಲಚಂದರನ್ನು ಸ್ವಲ್ಪ ನಿಲ್ಲಿಸಿ, ಆಗಿನ ವಿಮಾನಯಾನದ ಸ್ಥಿತಿ ಹೇಗಿತ್ತೆಂಬುದನ್ನು ನೋಡೋಣ.

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ಟಪಾಲಿನ ಚೀಲಗಳೊಡನೆ ಪುಟ್ಟ ವಿಮಾನವನ್ನು ಹಾರಿಸಿಕೊಂಡು ಬಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಎಂಬುವರು ಅದನ್ನು ನಮ್ಮ ಬಳ್ಳಾರಿಯ ಮೇಲೆ ಮದರಾಸಿಗೆ ಒಯ್ದರು. ಅಂದಿನ ವಿಮಾನದಲ್ಲಿ ಟಪಾಲಿನ ಚೀಲಗಳಿಗೆ ಜಾಗವಿತ್ತು, ಮನುಷ್ಯನಿಗೆ ಅಷ್ಟಾಗಿ ಇರಲಿಲ್ಲ. ಅಮೆರಿಕದಲ್ಲಿಯೂ ಸ್ಥಿತಿ ಇದಕ್ಕಿಂತ ಬಹಳ ಮೇಲೇನೂ ಇರಲಿಲ್ಲ. ವಿಮಾನ ಕಂಪನಿಗಳು ಬದುಕುತ್ತಿದ್ದುದು ಸರ್ಕಾರ ಕೊಡುವ ಟಪಾಲು ಸಾಗಣೆಯ ಹಣದಿಂದ. ಪ್ರಯಾಣಿಕನು ಕೊಡುವ ಟಿಕೆಟ್ಟಿನ ಹಣ ಪೆಟ್ರೋಲಿಗೂ ಸಾಲದು. ದೇಶದ ಒಂದು ಕರಾವಳಿಯಿಂದ ಇನ್ನೊಂದಕ್ಕೆ ಹೋಗುವವರು ಕೆಲವು ವರ್ಷ ಹಗಲು ವಿಮಾನದಲ್ಲಿ, ರಾತ್ರಿ ರೈಲಿನಲ್ಲಿ ಪ್ರಯಾಣ ಮಾಡುತ್ತಿದ್ದುದೂ ಉಂಟು.

ಈ ಲೆಕ್ಕವನ್ನು ತಲೆಕೆಳಗು ಮಾಡಿದ್ದು ಡಿ.ಸಿ. 3. ಡೊನಾಲ್ಡ್ ಡಗ್ಲಸ್ ಎಂಬ ಎಂಜಿನಿಯರು ಕ್ಯಾಲಿಫೋರ್ನಿಯಾದಲ್ಲಿ ಮೊದಲು ಡಿ.ಸಿ. 1, ಅನಂತರ ಡಿ.ಸಿ. 2 ಎಂಬ ವಿಮಾನಗಳನ್ನು ತಯಾರಿಸಿದ್ದನು. ಅಮೆರಿಕನ್ ಏರ್‌ಲೈನ್ಸ್ ಕಂಪನಿಯ ಅಧ್ಯಕ್ಷ ಸಿ.ಆರ್. ಸ್ಮಿತ್ ಎಂಬುವನು ಪ್ರಯಾಣಿಕರು ಮಲಗಿಕೊಂಡು ಹೋಗುವಂಥ ವಿಮಾನವೊಂದು ಬೇಕೆಂದು ಕೇಳಿದನು. ಅದಕ್ಕಾಗಿ ಡಿ.ಸಿ. 2ರ ಒಡಲನ್ನು ಅಗಲಿಸಿ ದುಂಡಗೆ ಮಾಡಿದಾಗ ಹದಿನಾಲ್ಕು ಹಾಸಿಗೆಗಳು ಹಿಡಿದವು. ಹಾಸಿಗೆ ತೆಗೆದು ಕುರ್ಚಿ ಹಾಕಿದರೆ 21 ಜನ ಕುಳಿತರು. ಹಿಂದಿನ ವಿಮಾನದಲ್ಲಿ ಕುಳಿತುಕೊಳ್ಳುತ್ತಿದ್ದವರು 14 ಜನ. ಹಾರಿಸುವ ಖರ್ಚು ಹೆಚ್ಚಿದ್ದು ಸ್ವಲ್ಪವೇ, ಟಿಕೆಟ್ಟುಗಳು ಹೆಚ್ಚಿದ್ದು ಏಳು. ನಮ್ಮ ಊರುಗಳ ಬಸ್ಸಿನ ಮಾಲೀಕರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಟಪಾಲಿನ ಹಣವಿಲ್ಲದೆ ಬರಿಯ ಪ್ರಯಾಣಿಕರಿಂದಲೇ ಲಾಭ ತಂದುಕೊಡುವ ಮೊದಲನೆಯ ವಿಮಾನ ಇದೇ ಎಂದು ಸ್ಮಿತ್ತನು ಸಾರಿದನು. ಮೊದಲು ಹಾರಿದ್ದು 1935ರ ಡಿಸೆಂಬರ್ 17ರಂದು; ರೈಟ್ ಸಹೋದರರ ಹಾರಾಟಕ್ಕೆ ಸರಿಯಾಗಿ 32 ವರ್ಷ ತುಂಬಿದ ದಿನ. 1936ರ ಜೂನಿನಲ್ಲಿ ಪ್ರಯಾಣಿಕರ ಸೇವೆಗೆ ಬಂದಿತು. ರೈಲಿನಲ್ಲಿ ಮೂರು ನಾಲ್ಕು ದಿನ ಹಿಡಿಯುತ್ತಿದ್ದ ಅಮೆರಿಕದ ಉದ್ದದ ಪ್ರಯಾಣವನ್ನು ನಡುವೆ ಮೂರು ಸಲ ಪೆಟ್ರೋಲು ತುಂಬಿಸಿಕೊಂಡು ಸುಮಾರು 15 ಗಂಟೆಗಳಲ್ಲಿ ಮುಗಿಸುತ್ತಿತ್ತು.

ಈ ವಿಮಾನದ ಗುಣಗಳು ಕಣ್ಣು ಕುಕ್ಕುವಂಥವಲ್ಲ. ಒಡಲೆಲ್ಲ ಲೋಹದ ತಗಡು. ಒಂದು ತುದಿಯಿಂದ ಇನ್ನೊಂದು ತುದಿಗೆ 95 ಅಡಿ ಅಗಲದ ಗಟ್ಟಿಯಾದ ರೆಕ್ಕೆ. ಎರಡು ಎಂಜಿನುಗಳಲ್ಲಿ ಒಂದು ನಿಂತುಹೋದರೂ ಇನ್ನೊಂದರಿಂದ ಹಾರಬಲ್ಲ ಶಕ್ತಿ. ಹಾರುವಾಗ ಚಕ್ರಗಳು ಮೇಲಕ್ಕೆ ಮಡಿಚಿಕೊಳ್ಳುತ್ತವೆ. ನಿಂತಾಗ ಬಾಲ ನೆಲಕ್ಕೆ ತಗುಲಿ ಮೂತಿ ಆಕಾಶ ನೋಡುತ್ತಿರುವುದರಿಂದ, ಹಿಂದಿನ ಬಾಗಿಲಿನಿಂದ ಹತ್ತಿದವರು ಮಲೆನಾಡಿನ ಗುಡ್ಡದ ದಾರಿಯಂತೆ ಏರುತ್ತ ಹೋಗಿ ಮುಂದಿನ ಕುರ್ಚಿಯನ್ನು ಸೇರಬೇಕು. ಹುಲ್ಲಿನ ಬಯಲಿನಲ್ಲೂ ಇಳಿಯುತ್ತದೆ, ಕಚ್ಚಾ ನೆಲದಲ್ಲೂ ಇಳಿಯುತ್ತದೆ. ಕೆಟ್ಟರೆ ಸಾಧಾರಣ ಸಲಕರಣೆಗಳಿಂದ ದುರಸ್ತಿ ಮಾಡಬಹುದು. ಈ ಕೊನೆಯ ಗುಣವೇ ಮುಂದೆ ನಮ್ಮ ದೇಶದ ಪಾಲಿಗೆ ಮುಖ್ಯವಾಯಿತು.

ಈಗ ಪ್ರಕೃತಕ್ಕೆ ಬರೋಣ. ವಾಲಚಂದರ ಯೋಜನೆಯನ್ನು ಭಾರತ ಸರ್ಕಾರ ಮೊದಲು ಆದರದಿಂದ ನೋಡಲಿಲ್ಲ. ಹಡಗಿನ ವಿಷಯದಲ್ಲಿ, ಕಾರಿನ ವಿಷಯದಲ್ಲಿ ಆದ ಅನುಭವವೇ ಇಲ್ಲಿಯೂ ಕಾದಿತ್ತು. ಆದರೆ 1940ರ ಜೂನಿನಲ್ಲಿ ಫ್ರಾನ್ಸ್ ದೇಶ ಹಿಟ್ಲರನ ವಶವಾಯಿತು. ಬ್ರಿಟನ್ನಿಗೆ ತನ್ನ ವಿಮಾನಗಳು ತನಗೇ ಸಾಲದಾದವು. ಪೂರ್ವದೇಶಗಳಿಗೆ ವಿಮಾನ ಎಲ್ಲಿಂದ ತರುವುದೆಂಬ ಚಿಂತೆ ಹುಟ್ಟಿದಾಗ ಈ ಮುಂಬಯಿಯ ವರ್ತಕನ ಕಾಗದಕ್ಕೆ ಬೆಲೆ ಬಂದಿತು. ಕಾರ್ಖಾನೆ ಎಲ್ಲಿ ಕಟ್ಟಬೇಕೆಂಬುದು ಮುಂದಿನ ಪ್ರಶ್ನೆ. ವಾಲಚಂದರು ಕೆಲವು ದೇಶೀಯ ಸಂಸ್ಥಾನಗಳ ಬಾಗಿಲು ತಟ್ಟಿದರು. ಮುಂದೆ ಬಂದು ಕೈಹಿಡಿದದ್ದು ಮೈಸೂರು.

ಮೈಸೂರಿನಲ್ಲಿ ಆಗ ಶೋಕದ ಕಾಲ. 1940ರ ಆಗಸ್ಟ್ 3ರಂದು ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡು, ಸೆಪ್ಟೆಂಬರಿನಲ್ಲಿ ತರುಣರಾದ ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದಿದ್ದರು. ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ಕಾರಿನ ಕಾರ್ಖಾನೆ ಕೈತಪ್ಪಿದ ನೋವು ಅವರಿಗೂ ಇತ್ತು. ಅವರು ತಡಮಾಡಲಿಲ್ಲ. ಬೆಂಗಳೂರಿನ ದೊಮ್ಮಲೂರಿನಾಚೆ ಸುಮಾರು 700 ಎಕರೆ ಭೂಮಿಯನ್ನು ಸಂಸ್ಥಾನವು ಉಚಿತವಾಗಿ ಕೊಟ್ಟಿತು. ಬಂಡವಾಳದಲ್ಲಿಯೂ ಪಾಲು ಹಾಕಿತು. 1940ರ ಡಿಸೆಂಬರ್ 23ರಂದು ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಲಿಮಿಟೆಡ್ ಎಂಬ ಕಂಪನಿ ನೋಂದಣಿಯಾಯಿತು. ಅಧಿಕೃತ ಬಂಡವಾಳ ನಾಲ್ಕು ಕೋಟಿ ರೂಪಾಯಿ. ದೊಮ್ಮಲೂರು ರಸ್ತೆಯ ಬಂಗಲೆಯೊಂದೇ ಮೊದಲ ಕಚೇರಿ.

ಇಷ್ಟು ಸುಲಭವಾಗಿ ಹೇಳಿದರೂ ಇದರ ಹಿಂದೆ ನಲವತ್ತು ವರ್ಷಗಳ ಸಿದ್ಧತೆಯಿತ್ತೆಂಬುದನ್ನು ಮರೆಯಲಾಗದು. ಶಿವನಸಮುದ್ರದ ವಿದ್ಯುಚ್ಛಕ್ತಿ 1902ರಿಂದಲೇ ಹರಿಯುತ್ತಿತ್ತು. ವಿಜ್ಞಾನ ಮಂದಿರ ಸ್ಥಾಪನೆಯಾದದ್ದು 1909ರಲ್ಲಿ. ನಮ್ಮ ಜಿಲ್ಲೆಯ ಭದ್ರಾವತಿಯಲ್ಲಿ 1923ರಿಂದ ಕಬ್ಬಿಣದ ಕುಲುಮೆ ಉರಿಯುತ್ತಿತ್ತು. ನಮ್ಮ ಸೊರಬ ಸೀಮೆಯ ನೆರೆಯ ಜೋಗದಲ್ಲಿ ವಿದ್ಯುತ್ತಿನ ಹೊಸ ಯೋಜನೆಯ ಕೆಲಸವೂ ಆಗಲೇ ಆರಂಭವಾಗಿತ್ತು. ವಿದ್ಯುತ್ತು, ವಿದ್ಯೆ, ಕಬ್ಬಿಣದ ಪರಿಚಯ, ತಂಪಾದ ಹವೆ, ಸಮುದ್ರದಿಂದ ದೂರವಾದ ಎತ್ತರದ ನೆಲ ಇವೆಲ್ಲ ಒಂದೆಡೆ ದೊರೆಯುವ ಸ್ಥಳ ಮೈಸೂರು ಸಂಸ್ಥಾನದ ಹೊರಗೆ ಅಷ್ಟು ಸುಲಭವಾಗಿ ಸಿಕ್ಕುತ್ತಿರಲಿಲ್ಲ. ವಾಲಚಂದರು ಬೆಂಗಳೂರನ್ನು ಆರಿಸಿದರೆಂದು ಹೇಳುವುದು ಎಷ್ಟು ಸರಿಯೋ, ಬೆಂಗಳೂರು ಅವರಿಗಾಗಿ ಸಿದ್ಧವಾಗಿತ್ತೆಂದು ಹೇಳುವುದೂ ಅಷ್ಟೇ ಸರಿ.

ಕೆಲಸ ಭರದಿಂದ ನಡೆಯಿತು. ಪಾಲಿಯ ಕಡೆಯ ಅಮೆರಿಕನ್ ಎಂಜಿನಿಯರುಗಳು ಬಂದರು. ಹೊಲವಿದ್ದಲ್ಲಿ ಷೆಡ್ಡುಗಳೆದ್ದವು, ವಿಮಾನವೋಡುವ ದಾರಿ ಸಿದ್ಧವಾಯಿತು. ಬಡಗಿ, ಕಮ್ಮಾರ, ಮೋಟಾರು ಮೆಕ್ಯಾನಿಕ್ ಕೆಲಸ ಬಲ್ಲ ಹಳೆಯ ಮೈಸೂರಿನ ಹುಡುಗರು ಬಂದು ಸೇರಿ ರಿವೆಟ್ ಹೊಡೆಯುವುದನ್ನೂ ತಗಡು ಬಾಗಿಸುವುದನ್ನೂ ಕಲಿತರು. 1941ರಲ್ಲಿ ಹಾರ್ಲೋ ಎಂಬ ತರಬೇತಿ ವಿಮಾನ ಇಲ್ಲಿ ಜೋಡಣೆಯಾಗಿ ಹಾರಿತು. 1942ರ ಜುಲೈ ಕೊನೆಯಲ್ಲಿ ಹಾಕ್ ಎಂಬ ಯುದ್ಧವಿಮಾನವೂ ಮೇಲೆದ್ದಿತು. ಭಾಗಗಳು ಅಮೆರಿಕದಿಂದ ಬಂದವು, ಜೋಡಿಸಿದ ಕೈಗಳು ಇಲ್ಲಿಯವು.

ಆದರೆ ಆ ಹಾಕ್ ವಿಮಾನ ಹಾರುವಾಗ ಕಾರ್ಖಾನೆ ವಾಲಚಂದರದಾಗಿ ಉಳಿದಿರಲಿಲ್ಲ. 1941ರ ಮಾರ್ಚಿನಲ್ಲಿ ಭಾರತ ಸರ್ಕಾರವು ಮೂರನೆಯ ಒಂದು ಭಾಗದ ಪಾಲುದಾರನಾಗಿ ಒಳಗೆ ಬಂದಿತ್ತು. 1942ರ ಮಾರ್ಚಿನಲ್ಲಿ ಜಪಾನೀಯರು ರಂಗೂನನ್ನು ಹಿಡಿದರು. ಏಪ್ರಿಲ್ 5ರಂದು ಕೊಲಂಬೋ ಮೇಲೆ, 6ರಂದು ವಿಶಾಖಪಟ್ಟಣದ ಮೇಲೆ ಬಾಂಬುಗಳು ಬಿದ್ದವು. ಅದೇ ತಿಂಗಳು ಸರ್ಕಾರವು ವಾಲಚಂದರಿಗೂ ಅವರ ಜೊತೆಯವರಿಗೂ ಪರಿಹಾರದ ಹಣವನ್ನು ಕೊಟ್ಟು ಕಾರ್ಖಾನೆಯನ್ನು ತನ್ನ ಕೈಗೆ ತೆಗೆದುಕೊಂಡಿತು. ಮೈಸೂರು ಸಂಸ್ಥಾನ ತನ್ನ ಪಾಲನ್ನು ಉಳಿಸಿಕೊಂಡಿತಾದರೂ ಆಡಳಿತದಿಂದ ದೂರ ಸರಿಯಿತು. ಹುಟ್ಟಿ ಹದಿನಾರು ತಿಂಗಳಾಗಿದ್ದ ಕೂಸನ್ನು ಹೆತ್ತವರು ಬೇರೆಯವರ ಮಡಿಲಿಗೆ ಹಾಕಬೇಕಾಯಿತು.

ಈ ಸಂಗತಿಯನ್ನು ಹೇಗೆ ತೂಗಬೇಕೆಂಬುದರಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿದೆ. ಶತ್ರು ಬಾಗಿಲಿನಲ್ಲಿರುವಾಗ ಯುದ್ಧವಿಮಾನದ ಕಾರ್ಖಾನೆಯನ್ನು ಖಾಸಗಿಯವರ ಕೈಯಲ್ಲಿ ಬಿಡಲಾಗದೆಂಬುದು ಒಂದು ವಾದ, ಅದನ್ನು ತಳ್ಳಿಹಾಕುವಂತಿಲ್ಲ. ಹಣವನ್ನೂ ಅವರು ಕಳೆದುಕೊಳ್ಳಲಿಲ್ಲ. ಆದರೆ ಅವರು ಹಣಕ್ಕಾಗಿ ಮಾತ್ರ ಕಾರ್ಖಾನೆ ಕಟ್ಟಿದ್ದರೆಂದು ನಂಬುವುದು ನನಗೆ ಕಷ್ಟ. ಹಣವೇ ಬೇಕಾಗಿದ್ದವರಿಗೆ ಯುದ್ಧಕಾಲದಲ್ಲಿ ಇದಕ್ಕಿಂತ ಸುಲಭವಾದ ದಾರಿಗಳು ಬೇಕಾದಷ್ಟಿದ್ದವು. ಸರ್ಕಾರದ ಕೈಗೆ ಹೋದ ಮೇಲೆ ಹೊಸ ವಿಮಾನ ಕಟ್ಟುವ ಮಾತು ಹಿಂದೆ ಸರಿಯಿತು, ದುರಸ್ತಿಯ ಕೆಲಸ ಮುಂದೆ ಬಂದಿತು. ವಾಲಚಂದರು ಕಟ್ಟಲೆಂದು ಮಾಡಿದ್ದು ದುರಸ್ತಿಯ ಮನೆಯಾಯಿತೆಂದು ಮರುಗಿದವರುಂಟು. ಮುಂದೆ ನಡೆದದ್ದನ್ನು ನೋಡಿದರೆ ಆ ಮರುಕ ಅರ್ಧ ಮಾತ್ರ ಸರಿ.

1943ರಲ್ಲಿ ಕಾರ್ಖಾನೆ ಅಮೆರಿಕದ ವಾಯುಸೇನೆಯ ಆಡಳಿತಕ್ಕೆ ಒಪ್ಪಿಸಲ್ಪಟ್ಟಿತು. ಆಗ ಅಸ್ಸಾಮಿನಿಂದ ಹಿಮಾಲಯದ ಕೊನೆಯ ಬೆಟ್ಟಗಳನ್ನು ದಾಟಿ ಚೀನಾಕ್ಕೆ ಸಾಮಗ್ರಿಗಳನ್ನು ಹೊತ್ತೊಯ್ಯುವ ಭಯಂಕರವಾದ ಮಾರ್ಗವೊಂದು ನಡೆಯುತ್ತಿತ್ತು. ಅಲ್ಲಿಯೂ ಬರ್ಮಾ ರಂಗದಲ್ಲಿಯೂ ದುಡಿದ ಮುಖ್ಯ ವಿಮಾನಗಳಲ್ಲಿ ಡಿ.ಸಿ. 3ರ ಸೈನಿಕ ರೂಪವೂ ಒಂದು. ಅಮೆರಿಕನ್ನರು ಅದನ್ನು ಸಿ. 47 ಎಂದರು, ಬ್ರಿಟಿಷರು ಡಕೋಟಾ ಎಂದರು. ಡಗ್ಲಸ್ ಕಂಪನಿಯವರು ಎಲ್ಲ ರೂಪಗಳೂ ಸೇರಿ ಹತ್ತು ಸಾವಿರಕ್ಕೂ ಹೆಚ್ಚು ವಿಮಾನಗಳನ್ನು ತಯಾರಿಸಿದರು. ಅವುಗಳಲ್ಲಿ ಬಹುಪಾಲು ಯುದ್ಧಕ್ಕಾಗಿ. ಹಾರಿ ಹಾರಿ ಸವೆದ ಡಕೋಟಾಗಳು ಬೆಂಗಳೂರಿಗೆ ಬಂದವು. ಹಾರುದೋಣಿಗಳೂ ಬಂದು ಬೆಳ್ಳಂದೂರು ಕೆರೆಯ ನೀರಿನ ಮೇಲೆ ಇಳಿಯುತ್ತಿದ್ದವು. (ಇಂದಿನ ಬೆಳ್ಳಂದೂರು ಕೆರೆಯ ನೊರೆಯನ್ನು ಕಂಡವರಿಗೆ ಇದು ಕಟ್ಟುಕಥೆಯೆನಿಸೀತು.) ಎಂಜಿನನ್ನು ಕಳಚಿ, ಒಂದೊಂದು ಭಾಗವನ್ನೂ ತೊಳೆದು ಅಳೆದು, ಸವೆದದ್ದನ್ನು ಬದಲಿಸಿ, ಮತ್ತೆ ಜೋಡಿಸಿ, ಗಂಟೆಗಟ್ಟಲೆ ಓಡಿಸಿ ಪರೀಕ್ಷಿಸಿ, ಬಳಿಕ ರೆಕ್ಕೆಗೆ ಕಟ್ಟಬೇಕು. ವಿಮಾನವನ್ನು ಮೂಳೆ ಮೂಳೆಯಾಗಿ ಬಲ್ಲವರು ಹೀಗೆ ಸಾವಿರಾರು ಜನ ತಯಾರಾದರು. ವಿಜ್ಞಾನ ಮಂದಿರದಲ್ಲಿ ವಿಮಾನಶಾಸ್ತ್ರದ ವಿಭಾಗವು 1942ರ ಡಿಸೆಂಬರಿನಲ್ಲಿ ತೆರೆದದ್ದೂ ಈ ಕಾರ್ಖಾನೆಯ ನೆರೆಯಲ್ಲಿಯೇ ಎಂಬುದು ಆಕಸ್ಮಿಕವಲ್ಲ.

ಯುದ್ಧ ಮುಗಿಯಿತು. ಅಮೆರಿಕನ್ನರು ಹೊರಟುಹೋದರು, ಡಕೋಟಾಗಳು ಉಳಿದವು. ಮಿಕ್ಕ ಸೈನಿಕ ವಿಮಾನಗಳನ್ನು ಅಗ್ಗದ ಬೆಲೆಗೆ ಮಾರಿದಾಗ ಭಾರತದಲ್ಲಿ ವಿಮಾನ ಕಂಪನಿಗಳು ಮಳೆಗಾಲದ ಅಣಬೆಗಳಂತೆ ಎದ್ದವು. ಸೈನಿಕ ಡಕೋಟಾದಲ್ಲಿ ಮನುಷ್ಯರು ಸುಖವಾಗಿ ಕೂರಲಾಗದು. ಬರಿಯ ತಗಡಿನ ಗೋಡೆ, ಉದ್ದಕ್ಕೂ ಗಡುಸಾದ ಬೆಂಚು, ಜೀಪು ತೂರಿಸಲು ದೊಡ್ಡ ಬಾಗಿಲು. ಅದನ್ನು ಪ್ರಯಾಣಿಕರ ವಿಮಾನವಾಗಿ ಮಾರ್ಪಡಿಸಿ, ಕುರ್ಚಿ ಕೂರಿಸಿ, ಒಳಗೋಡೆ ಹೊದಿಸಿ, ಎಂಜಿನು ಹೊಸದು ಮಾಡಿಕೊಡುವ ಕೆಲಸವನ್ನು ಬೆಂಗಳೂರಿನ ಕಾರ್ಖಾನೆ ಹಿಡಿಯಿತು. ಜೊತೆಗೆ ರೈಲಿನ ಲೋಹದ ಬೋಗಿಗಳನ್ನೂ ಕಟ್ಟಿ ಹೊಟ್ಟೆ ಹೊರೆದುಕೊಂಡಿತು. 1947ರ ಅಕ್ಟೋಬರ್ 27ರಂದು ಶ್ರೀನಗರವನ್ನು ಉಳಿಸಲು ಸೈನಿಕರನ್ನು ಹೊತ್ತು ಹಾರಿದವು ಡಕೋಟಾಗಳೇ. 1949ರ ಜನವರಿಯಿಂದ ದೆಹಲಿ, ಮುಂಬಯಿ, ಕಲ್ಕತ್ತಾ, ಮದರಾಸುಗಳಿಂದ ರಾತ್ರಿ ಹೊರಟು, ನಡುರಾತ್ರಿ ನಾಗಪುರದಲ್ಲಿ ಕೂಡಿ, ಟಪಾಲಿನ ಚೀಲಗಳನ್ನು ಬದಲಾಯಿಸಿಕೊಂಡು ಬೆಳಗಾಗುವುದರೊಳಗೆ ಹಿಂದಿರುಗುತ್ತಿದ್ದ ವಿಮಾನಗಳೂ ಅವೇ. 21 ಕುರ್ಚಿಗಳ ಲೆಕ್ಕ ಅಮೆರಿಕದಲ್ಲಿ ಮಾಡಿದ ಕೆಲಸವನ್ನು ಹತ್ತು ವರ್ಷ ತಡವಾಗಿ ಇಲ್ಲಿಯೂ ಮಾಡಿತು. ಟಪಾಲಿನ ಚೀಲದ ಜೊತೆ ಮುದುಡಿ ಕುಳಿತು ಹೋಗುತ್ತಿದ್ದ ಕಾಲ ಮುಗಿದು, ವಕೀಲರು, ವೈದ್ಯರು, ವರ್ತಕರು ಟಿಕೆಟ್ಟು ಕೊಂಡು ಹೋಗುವ ಕಾಲ ಬಂದಿತು. ಬಡವರ ಮಾತು ಬೇರೆ. ನಮ್ಮಂಥ ಊರುಗಳಿಗೆ ವಿಮಾನವೆಂದರೆ ಇನ್ನೂ ಅನೇಕ ವರ್ಷ ತಲೆಯ ಮೇಲಿನ ಸದ್ದು ಮಾತ್ರ. ಶಿವಮೊಗ್ಗದ ಬಳಿ ಸೋಗಾನೆಯಲ್ಲಿ ಕುವೆಂಪು ಅವರ ಹೆಸರಿನ ವಿಮಾನ ನಿಲ್ದಾಣ ತೆರೆದದ್ದು 2023ರಲ್ಲಿ. ಆ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಅಲ್ಲಿಗೆ ಬಂದಿಳಿದ ಮೊದಲ ಪ್ರಯಾಣಿಕ ಸೇವೆಯ ವಿಮಾನವೂ ಎರಡು ಪ್ರೊಪೆಲ್ಲರುಗಳದೇ ಎಂಬುದು ಗಮನಿಸತಕ್ಕ ವಿಷಯ.

ವಾಲಚಂದರು ಕಾರ್ಖಾನೆಯನ್ನು ಕಳೆದುಕೊಂಡರೂ ವಿಮಾನವನ್ನು ಬಿಡಲಿಲ್ಲ. ಅವರ ಸಿಂಧಿಯಾ ಹಡಗು ಕಂಪನಿಯು 1943ರಲ್ಲಿ ಏರ್ ಸರ್ವಿಸಸ್ ಆಫ್ ಇಂಡಿಯಾ ಎಂಬ ಸಣ್ಣ ವಿಮಾನ ಕಂಪನಿಯನ್ನು ಕೊಂಡಿತು. ಯುದ್ಧಾನಂತರ ಆ ಕಂಪನಿಯ ಬಣ್ಣ ಹೊತ್ತು ಹಾರಿದವುಗಳಲ್ಲಿ ಡಕೋಟಾಗಳಿದ್ದವು. ವಿಶಾಖಪಟ್ಟಣದಲ್ಲಿ 1941ರಲ್ಲಿ ಬಾಬು ರಾಜೇಂದ್ರ ಪ್ರಸಾದರು ಅಡಿಗಲ್ಲಿಟ್ಟ ಅವರ ಹಡಗುಕಟ್ಟೆಯಿಂದ 1948ರ ಮಾರ್ಚ್ 14ರಂದು ಜಲ ಉಷಾ ಎಂಬ ಹಡಗು ಪಂಡಿತ ನೆಹರೂ ಅವರ ಕೈಯಿಂದ ನೀರಿಗಿಳಿಯಿತು. ಕಾರಿನ ಕನಸೂ ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿಯ ರೂಪದಲ್ಲಿ ನನಸಾಯಿತು. ಒಂದು ಕೆಲಸ ಮುಗಿಯುವ ಮೊದಲೇ ಇನ್ನೊಂದಕ್ಕೆ ಕೈಹಾಕುವ ಚಪಲ ಅವರಲ್ಲಿತ್ತೆಂದು ಟೀಕಿಸಿದವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಸಾಲದ ಹೊರೆಯನ್ನೂ ಅವರು ಧಾರಾಳವಾಗಿ ಹೊರುತ್ತಿದ್ದರು. ಮಕ್ಕಳು ಉಳಿಯಲಿಲ್ಲ. ಪತ್ನಿ ಕಸ್ತೂರಬಾಯಿಯವರೂ ತಮ್ಮಂದಿರೂ ಅವರ ಬೆನ್ನಿಗಿದ್ದರು. ಸಾಂಗ್ಲಿಯಲ್ಲಿ ಅವರ ಹೆಸರಿನ ಎಂಜಿನಿಯರಿಂಗ್ ಕಾಲೇಜು ಇದೆ.

1949ರಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ಮರುವರ್ಷ ಎಲ್ಲ ಕಂಪನಿಗಳಿಂದಲೂ ನಿವೃತ್ತರಾದರು. ಬೆಂಗಳೂರಿನ ಕಾರ್ಖಾನೆಯಲ್ಲಿ ಡಾಕ್ಟರ್ ವಿ.ಎಂ. ಘಾಟಗೆಯವರ ಮುಂದಾಳುತನದಲ್ಲಿ ಭಾರತೀಯರೇ ರೂಪಿಸಿದ ಎಚ್.ಟಿ. 2 ಎಂಬ ತರಬೇತಿ ವಿಮಾನ 1951ರ ಆಗಸ್ಟಿನಲ್ಲಿ ಮೊದಲ ಸಲ ಹಾರಿತು. ಆಗ ಅದನ್ನು ಸ್ಥಾಪಿಸಿದ ಮನುಷ್ಯ ರೋಗಶಯ್ಯೆಯಲ್ಲಿದ್ದರು. ಹಡಗುಕಟ್ಟೆ 1952ರಲ್ಲಿ ಸರ್ಕಾರದ ಕೈಗೆ ಹೋಯಿತು. 1953ರ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ವಾಲಚಂದರು ದೇಹತ್ಯಾಗ ಮಾಡಿದರು. ಎಪ್ಪತ್ತು ವರ್ಷ ವಯಸ್ಸಾಗಿತ್ತು.

ಅದಾದ ನಾಲ್ಕು ತಿಂಗಳಿಗೆ, ಆಗಸ್ಟ್ 1ರಂದು, ದೇಶದ ಖಾಸಗಿ ವಿಮಾನ ಕಂಪನಿಗಳ ಒಳನಾಡಿನ ಸೇವೆಗಳನ್ನೆಲ್ಲ ಒಂದುಗೂಡಿಸಿ ಸರ್ಕಾರವು ಇಂಡಿಯನ್ ಏರ್‌ಲೈನ್ಸನ್ನು ಸ್ಥಾಪಿಸಿತು. ಹೈದರಾಬಾದಿನ ಡೆಕ್ಕನ್ ಏರ್‌ವೇಸ್ ಮೊದಲಾದ ಕಂಪನಿಗಳ ಜೊತೆಯಲ್ಲಿ ವಾಲಚಂದರ ವಿಮಾನ ಕಂಪನಿಯೂ ಅದರಲ್ಲಿ ಲೀನವಾಯಿತು. ಹೊಸ ಸಂಸ್ಥೆಯ ಕೈಗೆ ಬಂದ ವಿಮಾನಗಳು 99. ಅವುಗಳಲ್ಲಿ 74 ಡಕೋಟಾಗಳು. ಬೆಂಗಳೂರಿನ ಕಾರ್ಖಾನೆ 1964ರ ಅಕ್ಟೋಬರ್ 1ರಿಂದ ಹಿಂದೂಸ್ಥಾನ್ ಏರೋನಾಟಿಕ್ಸ್ ಎಂಬ ಹೆಸರನ್ನು ತಳೆಯಿತು. ದೊಮ್ಮಲೂರಿನಾಚೆಯ ಹೊಲಗಳಲ್ಲಿ ಆ ಕಾರ್ಖಾನೆಗಾಗಿ ಹಾಕಿದ ವಿಮಾನದ ದಾರಿಯ ಮೇಲೆಯೇ 2008ರ ಮೇ ತಿಂಗಳವರೆಗೆ ಬೆಂಗಳೂರಿನ ಪ್ರಯಾಣಿಕರೆಲ್ಲ ಬಂದಿಳಿಯುತ್ತಿದ್ದರು.